ಮೂರು ತಂತಿ, ಒಂದು ಮೀಟರ್

ಕೇಳುಗರಿಗೆ ನಮಸ್ಕಾರ.

ಎಲೆಕ್ಟ್ರಿಕ್ ಕೆಲಸ ಕಲಿಯಲು ಬಂದ ಹುಡುಗನ ಮುಂದೆ ಒಂದು ಸೀಲಿಂಗ್ ಫ್ಯಾನ್ ಇದೆ ಅಂದುಕೊಳ್ಳಿ. ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಎಲ್ಲ ಹೇಳಿಕೊಟ್ಟರೆ ಹೇಳಿದಷ್ಟೇ ಮಾಡುತ್ತಾನೆ. ‘ನೀನೇ ಹುಡುಕಿಕೋ’ ಅಂದರೆ ಮೊಬೈಲ್ ಹಿಡಿದು ಕೂರುತ್ತಾನೆ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು? ತಪ್ಪು ಮಾಡಿದರೆ ಅದು ಅವನ ಕಣ್ಣಿಗೆ ಆಗಲೇ ಬೀಳುತ್ತದೆಯೇ, ಅದರಿಂದ ಏನೂ ಹಾಳಾಗುವುದಿಲ್ಲವೇ, ಅಷ್ಟು ನೋಡಿದರೆ ಸಾಕು. ಎರಡಕ್ಕೂ ಹೌದು ಎಂದಾದರೆ ಅವನಿಗೇ ಬಿಡಿ, ಇಲ್ಲವಾದರೆ ಹೇಳಿಕೊಡಿ.

ಸ್ವಿಚ್ ಆಫ್ ಮಾಡಿದರೆ ಕರೆಂಟ್ ಹೋಯಿತೆಂದೇ ಹೊಸಬರು ನಂಬುತ್ತಾರೆ. ಆದರೆ ಫೇಸ್‌ಗೆ, ಅಂದರೆ ಕರೆಂಟ್ ತರುವ ತಂತಿಗೆ ಹಾಕಬೇಕಾದ ಸ್ವಿಚ್ಚನ್ನು ನ್ಯೂಟ್ರಲ್‌ಗೆ, ಅಂದರೆ ವಾಪಸ್ ಹೋಗುವ ತಂತಿಗೆ ಹಾಕಿದ ಮನೆಗಳಿವೆ. ಅಲ್ಲಿ ಸ್ವಿಚ್ ಆಫ್ ಆಗಿದ್ದರೂ ಫ್ಯಾನಿನ ತಂತಿಯಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಇದನ್ನು ಯಾರೂ ತಾವಾಗಿ ಕಂಡುಕೊಳ್ಳುವುದು ಬೇಡ. ಆ ಲೈನಿನ ಕರೆಂಟನ್ನೇ ಕಡಿಯುವ ಎಂಸಿಬಿ ಇಳಿಸಿ, ಟೆಸ್ಟರನ್ನು ಮೊದಲು ಕರೆಂಟ್ ಇರುವ ಬೇರೆ ಲೈನಿನ ಸಾಕೆಟ್‌ನಲ್ಲಿ, ಆಮೇಲೆ ಫ್ಯಾನಿನ ತಂತಿಯಲ್ಲಿ, ಮತ್ತೆ ಅದೇ ಸಾಕೆಟ್‌ನಲ್ಲಿ ಇಟ್ಟು ನೋಡಿಸಿ. ನಡುವೆ ಟೆಸ್ಟರೇ ಕೆಟ್ಟಿದ್ದರೆ ಮೂರನೆಯ ಸಲಕ್ಕೆ ಗೊತ್ತಾಗುತ್ತದೆ.

ಇನ್ನೊಂದು, ಫ್ಯಾನ್ ತಿರುಗಲು ನೆರವಾಗುವ ಪುಟ್ಟ ಡಬ್ಬಿ, ಕೆಪಾಸಿಟರ್. 2.5 ಮೈಕ್ರೋಫ್ಯಾರಡ್ ಇರಬೇಕಾದ ಕಡೆ 4 ಹಾಕಿದರೆ ಫ್ಯಾನ್ ಜೋರಾಗಿ ಓಡುತ್ತದೆ ಎಂಬ ಉಪದೇಶ ಹುಡುಕಿದವರಿಗೆಲ್ಲ ಸಿಗುತ್ತದೆ. ಹಾಕಿದ ದಿನ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮೋಟಾರಿನೊಳಗೆ ಸ್ಟಾರ್ಟಿಂಗ್, ರನ್ನಿಂಗ್ ಎಂದು ಎರಡು ವೈಂಡಿಂಗ್, ಅಂದರೆ ತಂತಿಯ ಸುರುಳಿಗಳಿವೆ. ಸ್ಟಾರ್ಟಿಂಗ್ ವೈಂಡಿಂಗ್‌ನಲ್ಲಿ ಕರೆಂಟ್ ಹೆಚ್ಚಿ, ಬಿಸಿಯಾಗಿ, ಅದು ಸುಡುವ ಹೊತ್ತಿಗೆ ಹುಡುಗ ಆ ಮನೆಯಲ್ಲಿ ಇರುವುದಿಲ್ಲ. ತಡವಾಗಿ ಕಾಣುವ ತಪ್ಪು ಏನನ್ನೂ ಕಲಿಸದು, ಬಾಯಿಬಿಟ್ಟು ಹೇಳಿಬಿಡಿ.

ಮೋಟಾರಿನಿಂದ ಬರುವ ಮೂರು ತಂತಿಗಳನ್ನು ಮಾತ್ರ ಅವನಿಗೇ ಬಿಡಿ. ಕೆಪಾಸಿಟರ್ ಕಳಚಿ, ಮೀಟರನ್ನು ಓಮ್‌ಗೆ ಇಟ್ಟು, ಎರಡೆರಡೇ ತಂತಿ ಹಿಡಿದು ಮೂರು ಸಲ ಅಳೆದು ಬರೆಯಲಿ. ಉದಾಹರಣೆಗೆ 150, 200, 350. ಫ್ಯಾನಿನಿಂದ ಫ್ಯಾನಿಗೆ ಅಂಕಿ ಬೇರೆ, ಆದರೆ ದೊಡ್ಡದು ಉಳಿದೆರಡರ ಮೊತ್ತ. ಅದನ್ನು ನೀವು ಹೇಳಬೇಡಿ. ದೊಡ್ಡ ಅಂಕಿ ಬಂದಾಗ ಹೊರಗುಳಿದ ತಂತಿಯೇ ಕಾಮನ್, ಅಂದರೆ ಎರಡೂ ವೈಂಡಿಂಗ್ ಕೂಡುವ ತಂತಿ ಎಂದು ಅವನಿಗೇ ಹೊಳೆದರೆ, ಬಣ್ಣ ಮಾಸಿದ ತಂತಿ ಬಂದರೂ ತಬ್ಬಿಬ್ಬಾಗುವುದಿಲ್ಲ. ಎರಡು ಜೋಡಿಗೆ ಮೀಟರ್ ಏನೂ ತೋರಿಸದಿದ್ದರೆ ಒಂದು ವೈಂಡಿಂಗ್ ತುಂಡಾಗಿದೆ.

ಜೋಡಿಸಿ ನೋಡಲು ಸೀರೀಸ್ ಬೋರ್ಡ್, ಅಂದರೆ ಕರೆಂಟ್ ಒಂದು ಬಲ್ಬಿನ ಮೂಲಕವೇ ಹೋಗುವ ಬೋರ್ಡ್ ಬೇಕು. ರೆಕ್ಕೆ ಬಿಚ್ಚಿ ಸ್ಟ್ಯಾಂಡಿಗೆ ತೂಗುಹಾಕಿದ ಫ್ಯಾನಿನ ಲೈನಿನಲ್ಲಿ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು ಹಾಕಿ. ಶಾರ್ಟ್ ಆದರೆ ಬಲ್ಬು ಪೂರ್ತಿ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಸ್ಟಾರ್ಟಿಂಗ್ ತಂತಿಗೆ ಹಾಕಬೇಕಾದ ಕೆಪಾಸಿಟರನ್ನು ರನ್ನಿಂಗ್ ತಂತಿಗೆ ಹಾಕಿದರೆ ಫ್ಯಾನ್ ಉಲ್ಟಾ ತಿರುಗುತ್ತದೆ, ತಿರುಗಲಿ. ಆದರೆ ಆ ಬಲ್ಬು ಮೋಟಾರನ್ನು ಕಾಯುತ್ತದೆಯೇ ಹೊರತು ಮನುಷ್ಯನನ್ನಲ್ಲ. ತಣ್ಣಗಿನ ಫಿಲಮೆಂಟಿನ ತಡೆ ಸುಮಾರು ನಲವತ್ತು ಓಮ್ ಅಷ್ಟೇ, ಬರಿಗೈ ತಾಕಿದರೆ ಶಾಕ್ ಹಾಗೇ ಹೊಡೆಯುತ್ತದೆ.

ಅರ್ಧ ಗಂಟೆಯಾದರೂ ಸಿಕ್ಕಿಕೊಂಡೇ ಇದ್ದರೆ ಉತ್ತರ ಕೊಡಬೇಡಿ. ‘ಯಾವ ಎರಡು ತಂತಿ ಹಿಡಿದೆ, ಎಷ್ಟು ಬಂತು?’ ಎಂದು ಕೇಳಿ. ಬಹಳ ಸಲ ಅವನು ಒಂದೇ ಜೋಡಿಯನ್ನು ಎರಡು ಸಲ ಅಳೆದಿರುತ್ತಾನೆ.

ನಮಸ್ಕಾರ.