ದಂಧೆ ಬಿದ್ದಾಗ ಕೆಲಸಗಾರರಿಗೆ ಏನು ಹೇಳಬೇಕು?

ಕೇಳುಗರಿಗೆ ನಮಸ್ಕಾರ. ಬಳ್ಳಾರಿಯ ಬ್ರೂಸ್‌ಪೇಟೆ, ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಸುವವರು, ಗಂಗಾವತಿ, ಕಾರಟಗಿಯ ರೈಸ್‌ಮಿಲ್ಲಿನವರು, ರಾಯಚೂರಿನ ಹತ್ತಿ ಜಿನ್ನಿಂಗ್‌ನವರು ಗಲ್ಲಾಪೆಟ್ಟಿಗೆಯ ಪಕ್ಕ ರೇಡಿಯೊ ಇಟ್ಟುಕೊಂಡು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಹತ್ತೋ ಐವತ್ತೋ ಜನರಿಗೆ ಕೆಲಸ ಕೊಟ್ಟವರು ನೀವು. ಈಗ ಆರ್ಡರ್ ಇಲ್ಲ, ಬಾಕಿ ವಸೂಲಾಗುತ್ತಿಲ್ಲ. ಕೆಲಸಗಾರರ ಮುಖವೂ ಸಪ್ಪಗಾಗಿದೆ. ಏನು ಮಾಡಬೇಕು?

ನನ್ನ ಉತ್ತರ ಒಂದೇ. ಇದ್ದದ್ದನ್ನು ಹೇಳಿ. ಬೇಗ ಹೇಳಿ. ನೀವೇ ಹೇಳಿ, ಮೇಸ್ತ್ರಿ ಕೈಲಿ ಹೇಳಿಸಬೇಡಿ.

"ಹೇಳಿದರೆ ಹೆದರಿ ಓಡಿ ಹೋಗ್ತಾರೆ ಸಾರ್" ಅಂತ ಮಾಲೀಕರು ಅನ್ನುತ್ತಾರೆ. ಸ್ವಾಮಿ, ಅವರಿಗೆ ಆಗಲೇ ಗೊತ್ತು! ಬಟ್ಟೆಯ ರೋಲು ಕಡಿಮೆ ಬಂದದ್ದನ್ನು ನಿಮಗಿಂತ ಮೊದಲು ನೋಡುವವನು ಕಟಿಂಗ್ ಮಾಸ್ಟರ್. ಅವನಿಗೆ ಗೊತ್ತಿಲ್ಲದ್ದು ತನ್ನ ಕೆಲಸ ಉಳಿಯುತ್ತದೋ ಇಲ್ಲವೋ ಅನ್ನೋದು. ಅದನ್ನು ನೀವು ಹೇಳದಿದ್ದರೆ ಚಹದಂಗಡಿ ಹೇಳುತ್ತದೆ. ಚಹದಂಗಡಿಯ ಪ್ರಕಾರ ಫ್ಯಾಕ್ಟರಿ ಯಾವತ್ತೂ ನಾಳೆಯೇ ಮುಚ್ಚುತ್ತದೆ.

2011 ಯಾರಿಗೂ ಮರೆತಿಲ್ಲ ಅಲ್ವಾ? ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಆದೇಶ ಬಂತು, ಬಳ್ಳಾರಿ ಜಿಲ್ಲೆಯ ಗಣಿಗಳಲ್ಲಿ ಕಬ್ಬಿಣದ ಅದಿರು ತೆಗೆಯೋದು ನಿಂತಿತು. ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಗೆ ಸ್ವಲ್ಪ ದಿನದಲ್ಲೇ ಅನುಮತಿ ಸಿಕ್ಕಿತು. ಉಳಿದ ಗಣಿಗಳು ಒಂದೊಂದಾಗಿ ತೆರೆಯಲು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಸಂಡೂರು, ಹೊಸಪೇಟೆ ಕಡೆ ಲಾರಿಗಳು ಸುಮ್ನೆ ನಿಂತವು. ಲಾರಿ ನಿಂತರೂ ಬ್ಯಾಂಕಿನ ಕಂತು ನಿಲ್ಲಲ್ಲವಲ್ಲ.

ಆಗ ನನಗೆ ಪರಿಚಯದ ಲಾರಿ ಮಾಲೀಕರೊಬ್ಬರಿದ್ದರು. ಓದಿದ್ದು ಏಳನೇ ಕ್ಲಾಸು, ಮಾತೂ ಕಡಿಮೆ. ಆದೇಶ ಬಂದ ವಾರದಲ್ಲೇ ಡ್ರೈವರು, ಕ್ಲೀನರು ಎಲ್ಲರನ್ನೂ ಯಾರ್ಡಿಗೆ ಕರೆದರು. ಮೊದಲು ಒಗ್ಗರಣೆ-ಮಿರ್ಚಿ ತಿನ್ನಿಸಿದರು. ಆಮೇಲೆ ಲೆಕ್ಕದ ಪುಸ್ತಕ ತೆಗೆದು ಓದಿದರು. ಕಂತು ಇಷ್ಟು, ಟೈರ್ ಅಂಗಡಿಯ ಬಾಕಿ ಇಷ್ಟು, ಕೈಯಲ್ಲಿರೋ ದುಡ್ಡು ಇಷ್ಟು. "ಮೂರು ತಿಂಗಳು ಅರ್ಧ ಪಗಾರ ಕೊಡ್ತೀನಿ. ಅದರ ಮ್ಯಾಲೆ ನನ್ನ ಕೈಲಾಗಲ್ಲ. ಗಂಗಾವತಿ ಅಕ್ಕಿ ಲೋಡು ಸಿಕ್ಕರೆ ಪಾಳಿ ಪ್ರಕಾರ ಹೋಗ್ರಿ, ನನ್ನ ತಮ್ಮನ ಮಗನಿಗೂ ಅದೇ ಪಾಳಿ. ಬ್ಯಾರೆ ಕಡೆ ಕೆಲಸ ಸಿಕ್ಕರೆ ಬ್ಯಾಡ ಅನ್ನಲ್ಲ."

ಯಾರೂ ತುಟಿ ಬಿಚ್ಚಲಿಲ್ಲ. ಹಿಂದಿನಿಂದ ಒಬ್ಬ ಕ್ಲೀನರ್ ಹುಡುಗ ಕೇಳಿದ, "ಮತ್ತ ಈ ಹೊಸ ಕಾರು?" ಗೇಟಿನ ಹತ್ತಿರವೇ ನಿಂತಿತ್ತು ಅದು. ಮಾಲೀಕರ ಮುಖ ಕೆಂಪಾಯಿತು. "ಅದೂ ಸಾಲದ್ದೇ ಐತಲೇ ತಮ್ಮಾ!" ಅಂದರು. ಎಲ್ಲರೂ ಘೊಳ್ಳೆಂದು ನಕ್ಕರು. ಮುಂದೆ ಆ ಕಾರನ್ನೂ ಮಾರಿದರು ಅನ್ನಿ. ಕೆಲವು ಡ್ರೈವರ್‌ಗಳು ಬಿಟ್ಟು ಹೋದರು, ಅದಿರು ಸಾಗಾಟ ಶುರುವಾದಾಗ ಬಹಳ ಜನ ಅದೇ ಯಾರ್ಡಿಗೆ ವಾಪಸ್ ಬಂದರು. ಪಕ್ಕದ ಯಾರ್ಡಿನವರು? ಫೋನ್ ಆಫ್ ಮಾಡಿ ಬೆಂಗಳೂರು ಸೇರಿದ್ದರು. ತಿರುಗಿ ಬರುವಷ್ಟರಲ್ಲಿ ಅವರ ಲಾರಿಗಳಲ್ಲಿ ಬ್ಯಾಟರಿಯೂ ಇರಲಿಲ್ಲ, ಸ್ಟೆಪ್ನಿಯೂ ಇರಲಿಲ್ಲ.

ಈ ಕಥೆ ಶುರು ಮಾಡಿದರೆ ನನಗೆ ನಿಲ್ಲಿಸೋಕೆ ಆಗಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಜೀನ್ಸ್‌ನವರೇ, ನಿಮ್ಮಲ್ಲಿ ಪೀಸ್ ಲೆಕ್ಕ, ಹೊಲಿದಷ್ಟಕ್ಕೇ ಕೂಲಿ. ಯಾರನ್ನೂ ತೆಗೆದೆ ಅಂತ ನೀವು ಹೇಳೋದೇ ಇಲ್ಲ, ಸುಮ್ನೆ ಪೀಸು ಕಡಿಮೆ ಕೊಡುತ್ತೀರಿ. ಹೊಲಿಯುವ ಹೆಣ್ಣುಮಗಳು ದಿನಾ ಬಂದು ಅರ್ಧ ದಿನ ಕೂತು ಹೋಗುತ್ತಾಳೆ. ಇದೇ ಎಲ್ಲಕ್ಕಿಂತ ಕೆಟ್ಟದ್ದು. ಈ ವಾರ ಇಷ್ಟೇ ಪೀಸು ಅಂತ ಸೋಮವಾರವೇ ಹೇಳಿ, ಎಲ್ಲರಿಗೂ ಸಮ ಹಂಚಿ.

ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಿ. ನಿಮ್ಮಂಥ ಸಣ್ಣ ಘಟಕಕ್ಕೆ ಕಾನೂನು ಹೇಳೋದೂ ಅದನ್ನೇ. ಇಎಸ್‌ಐಗೆ, ಅಂದರೆ ಕೆಲಸಗಾರರ ಆಸ್ಪತ್ರೆ ಖರ್ಚಿನ ಸರ್ಕಾರಿ ವಿಮೆಗೆ, ಅವರ ಸಂಬಳದಿಂದ ಶೇ. 0.75 ಹಿಡಿಯುತ್ತೀರಿ, ನಿಮ್ಮ ಶೇ. 3.25 ಸೇರಿಸಿ ಕಟ್ಟಬೇಕು. ಹಿಡಿದ ದುಡ್ಡನ್ನು ಕಟ್ಟಿಲ್ಲ ಅಂತ ಆಸ್ಪತ್ರೆಯಲ್ಲಿ ಗೊತ್ತಾದರೆ, ಆಮೇಲೆ ನೀವು ನಿಜ ಹೇಳಿದರೂ ಯಾರೂ ನಂಬಲ್ಲ.

ಇನ್ನು ಈ ಹುರುಪು ತುಂಬುವ ಭಾಷಣಕಾರರು. ದಯವಿಟ್ಟು ಬೇಡ. ಎರಡು ತಿಂಗಳ ಬಾಕಿ ಇರುವವನ ಹತ್ತಿರ ಚಪ್ಪಾಳೆ ತಟ್ಟಿಸಬೇಡಿ. ಆ ಫೀಸನ್ನು ಬಾಕಿಗೆ ಹಾಕಿ.

ಕೆಲಸದಿಂದ ಬಿಡಿಸಲೇಬೇಕು ಅಂತಾದರೆ ಎದುರಿಗೆ ಕೂರಿಸಿ ನೀವೇ ಹೇಳಿ. ವಾಟ್ಸಾಪ್‌ನಲ್ಲಿ ಬೇಡ. ಅವತ್ತೇ ಲೆಕ್ಕ ಚುಕ್ತಾ ಮಾಡಿ, ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಹಬ್ಬದ ಆರ್ಡರ್ ಬಂದ ದಿನ ಮೊದಲ ಫೋನು ಅವರಿಗೇ ಹೋಗಲಿ. ನಮಸ್ಕಾರ.