ಕಠಿಣ ತರಬೇತಿಗೆ ಬೈಗುಳ ಬೇಕೆ?

ಕಲಬುರಗಿಯ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರೇ, ಕೋಚ್ ಮಿತ್ರರೇ, ಕ್ರೀಡಾಪಟುಗಳೇ,

‘ಈಗಿನ ಮಕ್ಕಳು ಮೆತ್ತಗಾಗಿದ್ದಾರೆ, ಒಂದು ಮಾತಂದರೆ ಮುಖ ಊದಿಸಿಕೊಳ್ಳುತ್ತಾರೆ’ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಅಫಜಲಪುರದ ಕಡೆಯಿಂದ ಮೊದಲ ಬಸ್ಸು ಹಿಡಿದು, ಬುತ್ತಿಯಲ್ಲಿ ಜೋಳದ ರೊಟ್ಟಿ ಕಟ್ಟಿಕೊಂಡು ಬಂದು, ಬೆಳಗಿನ ಅಭ್ಯಾಸಕ್ಕೆ ಶೂ ಬಿಗಿಯುವ ಹುಡುಗಿಯನ್ನು ಮೆತ್ತಗಿನವಳು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅವಳು ಓಡಲು ಹಿಂಜರಿಯುವುದಿಲ್ಲ. ‘ಇವತ್ತು 400 ಮೀಟರ್ ಎಂಟು ಸಲ ಯಾಕೆ ಸರ್?’ ಎಂದು ಕೇಳುತ್ತಾಳೆ. ಕಾರಣ ಗೊತ್ತಿರುವ ಕೋಚ್ ಆ ಪ್ರಶ್ನೆಗೆ ಸಿಟ್ಟಾಗಬೇಕಿಲ್ಲ.

ತರಬೇತಿ ಕಠಿಣವಾಗಿಯೇ ಇರಲಿ. ಆದರೆ ಮೀನಖಂಡ ಹಿಡಿದುಕೊಂಡವನಿಗೆ ಶಿಕ್ಷೆಯೆಂದು ಬಸ್ಕಿ ಹೊಡೆಸುವುದು, ಎಲ್ಲರೆದುರು ಜಾತಿ, ಮೈಕಟ್ಟು ಎತ್ತಿ ಆಡುವುದು, ನೀರು ಕೊಡದಿರುವುದು ತರಬೇತಿಯಲ್ಲ.

ನೀರಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1954ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಬೇರ್ ಬ್ರಯಂಟ್ ಎಂಬ ಫುಟ್‌ಬಾಲ್ ಕೋಚ್ ಕಾಲೇಜು ಹುಡುಗರನ್ನು ಬರಗಾಲದ ಬಿಸಿಲಿನಲ್ಲಿ ನೀರು ಕೊಡದೆ ದುಡಿಸಿದ್ದು ಬಹುಕಾಲ ಪೌರುಷದ ಕಥೆಯಾಗಿ ಮೆರೆಯಿತು. ಅದೇ ದೇಶದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2018ರ ಮೇ ತಿಂಗಳಲ್ಲಿ 19 ವರ್ಷದ ಫುಟ್‌ಬಾಲ್ ಆಟಗಾರ ಜೋರ್ಡನ್ ಮೆಕ್‌ನೇರ್ ಅಭ್ಯಾಸದ ವೇಳೆ ಉಷ್ಣಾಘಾತಕ್ಕೆ ಸಿಲುಕಿ, ಹದಿನೈದು ದಿನಗಳ ಬಳಿಕ ತೀರಿಕೊಂಡ. ಅವನನ್ನು ತಕ್ಷಣ ತಣ್ಣೀರಿನಲ್ಲಿ ಮುಳುಗಿಸಿ ಮೈ ತಂಪು ಮಾಡಿರಲಿಲ್ಲ. ವಿಶ್ವವಿದ್ಯಾಲಯ ತಪ್ಪು ಒಪ್ಪಿಕೊಂಡಿತು. ಮುಖ್ಯ ಕೋಚ್ ಆ ವರ್ಷವೇ ಹುದ್ದೆ ಕಳೆದುಕೊಂಡ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮೂರಿಗೆ ಇದು ದೂರದ ಸುದ್ದಿಯೇ?

ಅಮೆರಿಕಕ್ಕೂ ನಮಗೂ ಒಂದು ವ್ಯತ್ಯಾಸವಿದೆ. ಅಲ್ಲಿ 2021ರಿಂದ ಆಟಗಾರರು ಒಮ್ಮೆ ಕಾಲೇಜು ಬದಲಿಸಿದರೂ ಒಂದು ವರ್ಷ ಆಡದೆ ಕೂರಬೇಕಿಲ್ಲ; ‘ಒಮ್ಮೆ’ ಎಂಬ ಮಿತಿಯೂ 2024ರಲ್ಲಿ ಹೋಯಿತು. ಕೋಚ್ ಸರಿಯಿಲ್ಲವೆಂದರೆ ಹೊರಟುಬಿಡಬಹುದು. ನಮ್ಮ ಹುಡುಗನಿಗೆ ಸೀಟು, ಹಾಸ್ಟೆಲ್ ಎಲ್ಲ ಇಲ್ಲೇ. ತಂಡದ ಪಟ್ಟಿಗೆ, ಪ್ರಮಾಣಪತ್ರಕ್ಕೆ ಸಹಿ ನಿಮ್ಮದು. ಕ್ರೀಡಾ ಕೋಟಾದ ನೌಕರಿಯ ಆಸೆ ಆ ಸಹಿಯ ಮೇಲೆ ನಿಂತಿದೆ. ಹಾಗಾಗಿ ಅವನು ಬಾಯಿ ಬಿಡುವುದಿಲ್ಲ. ಅದನ್ನು ಗುರುಭಕ್ತಿ ಎಂದುಕೊಳ್ಳಬೇಡಿ, ಅದು ಭಯ. ಮುಟ್ಟಿನ ನೋವಿದ್ದರೂ ಪುರುಷ ಕೋಚ್‌ಗೆ ಹೇಳಲಾರದೆ ಓಡುವ ಹುಡುಗಿಯರ ವಿಷಯದಲ್ಲಂತೂ ಪ್ರತಿ ಕಾಲೇಜೂ ಒಬ್ಬ ಅಧ್ಯಾಪಕಿಗೆ ಹೊಣೆ ವಹಿಸಲೇಬೇಕು.

ಬೇಸಿಗೆ ಶಿಬಿರಕ್ಕೆ ಬಂದವರಿಗೆ ಮೊದಲ ಎರಡು ವಾರ ಭಾರವನ್ನು ನಿಧಾನಕ್ಕೆ ಏರಿಸಿ, ಮೈ ಬಿಸಿಲಿಗೆ ಒಗ್ಗಲಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದೆ ಎಂದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ; ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳುತ್ತಿರಬಹುದು. ಮೈದಾನದ ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ಮಂಜುಗಡ್ಡೆ ಸಿದ್ಧವಿರಲಿ. ಬಿಸಿಲಿನಲ್ಲಿ ಯಾರಾದರೂ ತೊದಲಿ, ತೂರಾಡಿ ಕುಸಿದರೆ ಆಂಬುಲೆನ್ಸ್‌ಗೆ ಫೋನ್ ಮಾಡಿಸಿ, ಅದು ಬರುವವರೆಗೆ ಕಾಯದೆ, ತಲೆಯನ್ನು ನೀರಿನಿಂದ ಮೇಲೆ ಎತ್ತಿ ಹಿಡಿದು, ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸಿ. ಮೊದಲು ಮೈ ತಣಿಯಲಿ, ಆಮೇಲೆ ಆಸ್ಪತ್ರೆ.