ಗಡಿಯಾರ ಒಬ್ಬನ ಕೈಲಿರಲಿ ಬಿಡ್ರಪ್ಪಾ

ನಮಸ್ಕಾರ ಕಣ್ರಪ್ಪಾ, ಎಲ್ರೂ ಹೆಂಗಿದ್ದೀರಾ? ಇವತ್ತು ಸ್ವಲ್ಪ ಉರ್ಕೊಂಡೇ ಮೈಕ್ ಮುಂದೆ ಕೂತಿದ್ದೀನಿ. ‘ದ ಲಾಂಗ್ ಡಾರ್ಕ್’ ವಿಡಿಯೋ ಕೆಳಗೆ ಒಬ್ಬ ಪುಣ್ಯಾತ್ಮ ಬರೆದಿದ್ದಾನೆ: “ಬ್ರೋ, ಒಬ್ಬನೇ ಕೂತು ಸೌದೆ ಆರಿಸೋ ಗೇಮಾ ಇದು? ಕೋ-ಆಪ್ ಹಾಕಿದ್ರೆ ಸೂಪರ್ ಆಗಿರೋದು.” ಕೋ-ಆಪ್ ಅಂದ್ರೆ ಗೆಳೆಯರೆಲ್ಲ ಸೇರಿ ಒಂದೇ ಆಟ ಒಟ್ಟಿಗೆ ಆಡೋದು. ಆ ಕಾಮೆಂಟಿಗೆ ಲೈಕುಗಳ ಸುರಿಮಳೆ. ನನ್ನ ವಿಡಿಯೋಗೆ ಲೈಕ್ ಒತ್ತೋಕೆ ಬೆರಳು ನೋಯುತ್ತೆ ನಿಮಗೆ, ಇಂಥದ್ದಕ್ಕೆ ನೋಯಲ್ಲ.

ಸೌದೆ ಆರಿಸೋ ಗೇಮು, ಸರಿ. ಒಪ್ಕೊಂಡೆ. ಸೌದೆ ಲೆಕ್ಕದಿಂದಲೇ ಶುರು ಮಾಡೋಣ.

ಗೊತ್ತಿಲ್ಲದೋರಿಗೆ ಎರಡು ಮಾತು. ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೋ ಮಾಡಿದ ಗೇಮ್ ಇದು. 2014ರ ಸೆಪ್ಟೆಂಬರಲ್ಲಿ ಅರೆಬೆಂದ ರೂಪದಲ್ಲಿ ಬಂತು, 2017ರ ಆಗಸ್ಟ್ 1ಕ್ಕೆ ಪೂರ್ತಿ ಬಿಡುಗಡೆ ಆಯ್ತು. ಕೆನಡಾದ ಉತ್ತರದಲ್ಲಿ ಗ್ರೇಟ್ ಬೇರ್ ಅಂತ ಒಂದು ಕಲ್ಪನೆಯ ದ್ವೀಪ, ಸುತ್ತ ಹಿಮ. ಬದುಕುಳಿಯೋದೇ ಗುರಿ ಆಗಿರೋ ಸರ್ವೈವಲ್ ಮೋಡ್‌ನಲ್ಲಿ ಮಾತಾಡ್ಸೋಕೆ ಒಂದು ನರಪಿಳ್ಳೆ ಇಲ್ಲ. ಝೋಂಬಿ ಇಲ್ಲ. ನಾಲ್ಕು ಮೀಟರ್ ಇದೆ: ಚಳಿ, ಆಯಾಸ, ಬಾಯಾರಿಕೆ, ಹಸಿವು. ಸತ್ರೆ ಸಾಮಾನ್ಯವಾಗಿ ಸೇವ್ ಫೈಲೇ ಅಳಿಸಿ ಹೋಗುತ್ತೆ. ನೂರು ದಿನ ಬದುಕಿದ್ರೂ ಅಷ್ಟೇ, ಮೂರು ದಿನ ಬದುಕಿದ್ರೂ ಅಷ್ಟೇ.

ಈಗ ನನ್ನ ಮಾತು ಕೇಳಿ, ಇವತ್ತು ಇದೊಂದೇ ಹೇಳೋದು. ಈ ಗೇಮಿನ ಜೀವ ಇರೋದು ಅದರ ಗಡಿಯಾರದಲ್ಲಿ. ಆ ಗಡಿಯಾರ ಆಡೋನ ಕೈಲಿದೆ. ಎರಡನೇ ಆಸಾಮಿ ಒಳಗೆ ಕಾಲಿಟ್ಟ ತಕ್ಷಣ ಅದು ಯಾರ ಕೈಲೂ ಇರಲ್ಲ.

ಹೆಂಗೆ ಅಂತೀರಾ? ಗೇಮಿನ ಒಂದು ದಿನ ಅಂದ್ರೆ ನಮ್ಮ ಗೋಡೆ ಗಡಿಯಾರದಲ್ಲಿ 2 ಗಂಟೆ. ಅಲ್ಲಿನ ಒಂದು ಗಂಟೆ ಇಲ್ಲಿನ 5 ನಿಮಿಷ. ಆದ್ರೆ ಹಾಸಿಗೆ ಹಾಸ್ಕೊಂಡು 10 ಗಂಟೆ ನಿದ್ದೆ ಅಂತ ಒತ್ತಿದ್ರೆ ಕೆಲವೇ ಸೆಕೆಂಡಲ್ಲಿ ಬೆಳಗಾಗುತ್ತೆ. ಮರದ ಕೊಂಬೆ ಕಡಿಯೋದು, ಜಿಂಕೆ ಚರ್ಮ ಸುಲಿಯೋದು, ಐಸಿಗೆ ತೂತು ಕೊರೆದು ಮೀನು ಹಿಡಿಯೋದು, ಬಟ್ಟೆಗೆ ತೇಪೆ ಹಾಕೋದು, ಎಲ್ಲದಕ್ಕೂ ಹಂಗೇ. ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗೇಮೇ ಮೊದಲು ತೋರಿಸುತ್ತೆ, ನೀವು ಹ್ಞೂಂ ಅಂದ್ರೆ ಸಮಯ ಓಡುತ್ತೆ. ಪ್ರತಿ ಸಲವೂ ಅದು ಖರೀದಿ. ದುಡ್ಡಿನ ಬದಲು ಹಗಲು ಕೊಡ್ತೀರಿ.

ಹಸಿವಿನ ಲೆಕ್ಕ ತಗೊಳ್ಳಿ. ಹೊಟ್ಟೆ ತುಂಬಿದ್ರೆ 2500 ಕ್ಯಾಲರಿ. ನಿದ್ದೆಯಲ್ಲಿ ಗಂಟೆಗೆ 75 ಕ್ಯಾಲರಿ ಖರ್ಚು. 10 ಗಂಟೆಗೆ 750. ಹಸಿವಿನ ಮೀಟರ್ ಸೊನ್ನೆಗೆ ಬಂದ ತಕ್ಷಣ ಯಾರೂ ಸಾಯಲ್ಲ, ಗಂಟೆಗೆ ಸುಮಾರು ಒಂದು ಪರ್ಸೆಂಟ್ ಲೆಕ್ಕದಲ್ಲಿ ಆರೋಗ್ಯ ಸವೆಯುತ್ತೆ. ಹಾಗಾಗಿ ಹಳಬರು ಏನು ಮಾಡ್ತಾರೆ? ಹಗಲೆಲ್ಲ ಉಪವಾಸ, ಮಲಗೋ ಮುಂಚೆ ಕರೆಕ್ಟಾಗಿ 750 ಕ್ಯಾಲರಿ ತಿನ್ನೋದು. ರಾತ್ರಿ ನಿದ್ದೆಯಲ್ಲಿ ಹಗಲು ಕಳ್ಕೊಂಡಿದ್ದು ವಾಪಸ್. ಹೊಸಬರು ಹಸಿವಿಗೆ ಹೆದರಿ ಇದ್ದ ಡಬ್ಬಿ ಎಲ್ಲ ಮೊದಲ ದಿನವೇ ಖಾಲಿ ಮಾಡ್ತಾರೆ, ಆಮೇಲೆ ಚಳಿಗೆ ಸಾಯ್ತಾರೆ. ಹಸಿವು ಕೊಲ್ಲೋದು ನಿಧಾನವಾಗಿ, ನಾಲ್ಕರಲ್ಲಿ ಅತಿ ಬೇಗ ಕೊಲ್ಲೋದು ಚಳಿ. ಬರ್ಕೊಳ್ಳಿ.

ಅದಕ್ಕೂ ಗೇಮ್ ಮಾಡಿದೋರು ಬೆಣೆ ಇಟ್ಟಿದ್ದಾರೆ. 72 ಗಂಟೆ ಒಂದು ಸಲವೂ ಹಸಿವಿನ ಮೀಟರ್ ಸೊನ್ನೆಗೆ ಬರದ ಹಂಗೆ ನೋಡ್ಕೊಂಡ್ರೆ ‘ವೆಲ್ ಫೆಡ್’ ಅನ್ನೋ ಬೋನಸ್ ಸಿಗುತ್ತೆ. ಹೊರೋ ತೂಕ 30 ಕಿಲೋದಿಂದ 35 ಆಗುತ್ತೆ. ಅಂದ್ರೆ ಉಪವಾಸ ಮಾಡಿ ಊಟ ಉಳಿಸಿದ್ರೆ 5 ಕಿಲೋ ಹೋಯ್ತು, 5 ಕಿಲೋ ಬೇಕಂದ್ರೆ ಊಟ ಹೋಯ್ತು. ಮಾಡಿದ್ದುಣ್ಣೋ ಮಹರಾಯ. ಈ ಗಾದೆಗೆ ಇದಕ್ಕಿಂತ ಒಳ್ಳೆ ಗೇಮ್ ಯಾರೂ ಮಾಡಿಲ್ಲ.

ಈಗ ಇಲ್ಲಿಗೆ ಆ ಕೋ-ಆಪ್ ಗೆಳೆಯನನ್ನ ಕರ್ಕೊಂಡು ಬನ್ನಿ. ಕತ್ತಲಾಯ್ತು. ನಿಮಗೆ ಮಲಗಬೇಕು. ಅವನಿಗೆ ನಿದ್ದೆ ಬಂದಿಲ್ಲ, ಮೊಲ ಹಿಡಿಯೋಕೆ ಹೊರಟ. ಸಮಯ ಓಡಿಸೋ ಹಾಗಿಲ್ಲ, ಯಾಕಂದ್ರೆ ಅವನು ಎದ್ದಿದ್ದಾನೆ. 10 ಗಂಟೆ ಗುಣಿಸು 5 ನಿಮಿಷ, 50 ನಿಮಿಷ ನೀವು ಕಪ್ಪು ಸ್ಕ್ರೀನ್ ನೋಡ್ತಾ ಕೂತಿರಿ. ಕರಡಿ ಚರ್ಮ ಒಳಗಡೆ ನೆಲದ ಮೇಲೆ ಹರಡಿ ಒಣಗಿಸೋಕೆ 12 ದಿನ. ಓಡಿಸದ ಗಡಿಯಾರದಲ್ಲಿ ಅದು 24 ಗಂಟೆ, ನಮ್ಮದೇ ಒಂದು ಪೂರ್ತಿ ದಿನ. ಒಂದು ಕರಡಿ ಕೋಟಿಗೆ ಎರಡು ಚರ್ಮ ಬೇಕು. ಹಾಕ್ಕೊಳ್ಳಿ ಕೋಟು.

“ಇಬ್ರೂ ಒಟ್ಟಿಗೆ ಮಲಗಿದ್ರಾಯ್ತಲ್ವಾ ಬ್ರೋ.” ಹ್ಞಾಂ, ಬಂದ್ರು ನೋಡಿ ಪಂಡಿತರು. ವಾಲ್‌ಹೈಮ್ ಅನ್ನೋ ಗೇಮಲ್ಲಿ ಹಂಗೇ ಇದೆ, 10 ಜನ ಆಡಬಹುದು, ರಾತ್ರಿ ಕಳೀಬೇಕಂದ್ರೆ ಅಷ್ಟೂ ಜನ ಹಾಸಿಗೆ ಮೇಲೆ ಬಿದ್ದಿರಬೇಕು. ಮೈನ್‌ಕ್ರಾಫ್ಟಲ್ಲೂ ಸೆಟ್ಟಿಂಗ್ ಮುಟ್ಟದಿದ್ರೆ ಅದೇ ಕಥೆ. ಕೂಡುಕುಟುಂಬದಲ್ಲಿ ಒಂದೇ ಬಚ್ಚಲುಮನೆ ಇದ್ದಂಗೆ, ಬೆಳಗ್ಗೆ ಎಲ್ರದ್ದೂ ಒಂದೇ ಕೂಗು: ಬೇಗ ಬಾರೋ, ಬೇಗ ಬಾರೋ. ಒಬ್ಬ ಗಣಿಯೊಳಗೆ ಕಲ್ಲು ಕುಟ್ತಾ ಇರ್ತಾನೆ, ಉಳಿದೋರು ಮಂಚದ ಮೇಲೆ ಬೈತಾ ಇರ್ತಾರೆ. ಆ ಗೇಮುಗಳಿಗೆ ಅದು ಸರಿ, ಅಲ್ಲಿ ನಿದ್ದೆ ಅಂದ್ರೆ ರಾತ್ರಿ ಹಾರಿಸೋ ಬಟನ್ ಅಷ್ಟೇ. ಇಲ್ಲಿ ನಿದ್ದೆ ಅಂದ್ರೆ 750 ಕ್ಯಾಲರಿ, ನೀರು, ಒಲೆಗೆ ಕಟ್ಟಿಗೆ, ನಾಳೆ ಬೆಳಗಿನ ಹವಾಮಾನ.

ಇನ್ನೂ ಸಾಕ್ಷಿ ಬೇಕಾ? ‘ಡೋಂಟ್ ಸ್ಟಾರ್ವ್’ ತಗೊಳ್ಳಿ. ವ್ಯಾಂಕೂವರ್‌ನ ಕ್ಲೈ ಕಂಪನಿ 2013ರಲ್ಲಿ ಒಬ್ಬರೇ ಆಡೋ ಗೇಮಾಗಿ ಮಾಡಿದ್ದು. ಟೆಂಟಲ್ಲಿ ಮಲಗಿದ್ರೆ ರಾತ್ರಿ ದಾಟುತ್ತೆ, ಮ್ಯಾಪ್ ತೆಗೆದ್ರೆ ಆಟ ನಿಲ್ಲುತ್ತೆ. ಆಮೇಲೆ ‘ಡೋಂಟ್ ಸ್ಟಾರ್ವ್ ಟುಗೆದರ್’ ಬಂತು, 2016ರಲ್ಲಿ ಪೂರ್ತಿ ಆಯ್ತು. ಅದರಲ್ಲಿ ಟೆಂಟೊಳಗೆ ಮಲಗಿದ್ರೂ ರಾತ್ರಿ ತನ್ನ ಪಾಡಿಗೆ ತಾನು ನಿಧಾನವಾಗಿ ಕಳೆಯುತ್ತೆ, ಮ್ಯಾಪ್ ನೋಡ್ತಾ ನಿಂತ್ರೆ ಹಿಂದಿನಿಂದ ಜೇಡ ಕಚ್ಚುತ್ತೆ. ಸತ್ತೋನು ದೆವ್ವ ಆಗಿ ಓಡಾಡ್ತಾನೆ, ಗೆಳೆಯ ಒಂದು ಗುಂಡಿಗೆ ಹೊಲಿದು ಕೊಟ್ರೆ ಎದ್ದು ಬರ್ತಾನೆ. ಒಳ್ಳೆ ಗೇಮೇ, ಇಲ್ಲ ಅನ್ನಲ್ಲ. ಆದ್ರೆ ನೋಡಿ, ಜನ ಸೇರಿಸಿದಾಗ ಮೊದಲು ಬದಲಾಗಿದ್ದು ಏನು? ಗಡಿಯಾರ! ನಾನೇನು ಸುಮ್ನೆ ಬಡ್ಕೊಳ್ತಾ ಇದ್ದೀನಾ?

ಇಲ್ಲಿ ಒಂದು ನಿಮಿಷ. ಸಬ್‌ಸ್ಕ್ರೈಬ್ ಆಗದೇ ನೋಡ್ತಾ ಇರೋರು ಬೇಜಾನ್ ಜನ ಇದ್ದೀರಾ, ಗೊತ್ತು ನನಗೆ. ಒತ್ರಪ್ಪಾ. ಕನ್ನಡದಲ್ಲಿ ಬಿಜಿಎಂಐ, ಅದೇ ನಮ್ಮ ಪಬ್‌ಜಿ, ಬಿಟ್ಟು ಬೇರೆ ಗೇಮ್ ಬಗ್ಗೆ ಮಾತಾಡೋ ಚಾನಲ್ ಎಷ್ಟಿವೆ, ನೀವೇ ಹುಡುಕಿ ನೋಡಿ. ಮೆಂಬರ್ ಆದ್ರೆ ಕ್ಯಾಲರಿ ಲೆಕ್ಕದ ಶೀಟ್ ಫ್ರೀ. ಚಿಕನ್ ಬಿರಿಯಾನಿದು ಅದರಲ್ಲಿಲ್ಲ, ಕೇಳಬೇಡಿ.

ಸರಿ, ಸೌದೆ. ಬೆಂಕಿ ಹಚ್ಚೋಕೆ ಕಡ್ಡಿ ಬೇಕು, ಹೊತ್ತಿಸೋಕೆ ಒಣ ಪುರುಳೆ ಬೇಕು, ಮೇಲೆ ಕಟ್ಟಿಗೆ. ಬೆಂಕಿ ಹಚ್ಚೋ ಕೌಶಲ ಮೂರನೇ ಹಂತಕ್ಕೆ ಬಂದ್ರೆ ಪುರುಳೆ ಬೇಡ. ಸೀಡರ್ ಕಟ್ಟಿಗೆ ಒಂದು ಗಂಟೆ ಉರಿಯುತ್ತೆ, ಫರ್ ಒಂದೂವರೆ ಗಂಟೆ. ಕಲ್ಲಿದ್ದಲಿಂದ ಬೆಂಕಿ ಶುರು ಮಾಡೋಕೆ ಆಗಲ್ಲ, ಉರೀತಾ ಇರೋ ಬೆಂಕಿಗೆ ಹಾಕಬೇಕು. ಒಂದೇ ಸಲಕ್ಕೆ 12 ಗಂಟೆಗಿಂತ ಜಾಸ್ತಿ ತುಂಬೋಕೂ ಬಿಡಲ್ಲ. ಹೊರಗಡೆ ಬಂಡೆ ಮರೆಯಲ್ಲಿ ಹಚ್ಚಿದ್ದೀರಿ ಅಂದ್ಕೊಳ್ಳಿ, ರಾತ್ರಿ ಗಾಳಿ ದಿಕ್ಕು ಬದಲಾದ್ರೆ ಬೆಂಕಿ ಆರುತ್ತೆ, ನೀವು ನಿದ್ದೆಯಲ್ಲೇ ಮರಗಟ್ಟಿ ಹೋಗ್ತೀರಿ. ಅದಕ್ಕೇ ಗುಹೆಯೊಳಗೆ ಹಚ್ಚಿ ಅನ್ನೋದು. ಹೊರಡೋ ಮುಂಚೆ ಆ ಬೆಂಕಿಯಿಂದ ಒಂದು ಪಂಜು ಎಳ್ಕೊಳ್ಳಿ, ಮುಂದಿನ ಜಾಗದಲ್ಲಿ ಅದರಿಂದಲೇ ಹಚ್ಚಿ, ಒಂದು ಕಡ್ಡಿ ಉಳೀತು. ಗಾಳಿ ಜೋರಿದ್ರೆ ಪಂಜು ಆರಿಹೋಗುತ್ತೆ, ಎಚ್ಚರ. ಭೂತಗನ್ನಡಿ ಸಿಕ್ಕಿದ್ರೆ ಕಡ್ಡಿಯೇ ಬೇಡ, ಮೋಡ ಇಲ್ಲದ ಬಿಸಿಲು ಇದ್ರೆ ಸಾಕು.

ಬೆಂಕಿ ಇದೆ ಅಂದ್ರೆ ಪಾತ್ರೆ ಇಡಿ. ಹಿಮ ಕರಗಿಸಿದ ನೀರನ್ನ ಮತ್ತೆ ಕುದಿಸಬೇಕು, ಹಾಗೇ ಕುಡಿದ್ರೆ ಆಮಶಂಕೆ. ಕುದೀತಾ ಇರುವಾಗ ಪಕ್ಕದಲ್ಲೇ ಕೊಂಬೆ ಕಡಿಯೋಣ ಅಂತ ಹೋದ್ರೆ, ಕಡಿಯೋ ಹೊತ್ತು ಜಾಸ್ತಿ ಆಯ್ತು ಅಂದ್ರೆ ಪಾತ್ರೆ ಬತ್ತಿಹೋಗುತ್ತೆ. ಅಂದ್ರೆ ಎರಡು ಕೆಲಸದ ಹೊತ್ತನ್ನ ಒಂದರೊಳಗೊಂದು ಕೂರಿಸಬೇಕು. ಬೆಂಕಿಯಲ್ಲಿ ಉಳಿದಿರೋ ನಿಮಿಷ, ನೀರಿನ ನಿಮಿಷ, ಕೊಂಬೆಯ ನಿಮಿಷ. ಇದು ಆಟ ಸ್ವಾಮಿ! ಇನ್ನೊಬ್ಬ ಇದ್ದಿದ್ರೆ? “ಮಗಾ, ನೀರು ನೋಡ್ಕೋ” ಅಂತ ಹೇಳಿ ಹೋಗ್ತೀರಿ. ಮುಗೀತು. ಲೆಕ್ಕವೇ ಇಲ್ಲ.

“ಕೆಲಸ ಹಂಚ್ಕೊಂಡ್ರೆ ಸುಲಭ ಆಗುತ್ತಲ್ಲ” ಅಂತಾರೆ. ಸುಲಭ ಮಾಡಿ ಅಂತ ಕೇಳಿದೋರು ಯಾರು? ಇಬ್ಬರ ಬೆನ್ನ ಮೇಲೆ 60 ಕಿಲೋ ಬರುತ್ತೆ. ಯಾವುದನ್ನ ಬಿಟ್ಟು ಹೋಗಬೇಕು ಅನ್ನೋ ಪ್ರಶ್ನೆಯೇ ಎದ್ದು ಹೋಗುತ್ತೆ. ಹಸಿ ಮಾಂಸ ಚೀಲದಲ್ಲಿದ್ರೆ ವಾಸನೆಗೆ ತೋಳ ಬರುತ್ತೆ, ಅದಕ್ಕೇ ಅಲ್ಲೇ ಬೇಯಿಸಬೇಕಾ, ತುಂಡು ಬಿಸಾಕಿ ತೋಳನ ಗಮನ ಬೇರೆ ಕಡೆ ತಿರುಗಿಸಬೇಕಾ, ಹೊರಗೆ ಹಿಮದಲ್ಲೇ ಇಟ್ಟು ಆಮೇಲೆ ಬರಬೇಕಾ ಅಂತ ತಲೆ ಕೆಡಿಸ್ಕೊಳ್ತೀವಿ. ಹಿಮಗಟ್ಟಿದ ಪ್ರಾಣಿಯ ಹೆಣವನ್ನ ಬರಿಗೈಲಿ ಬಿಡಿಸೋಕಾಗಲ್ಲ, ಪಕ್ಕದಲ್ಲೇ ಬೆಂಕಿ ಹಾಕಿ ಕರಗಿಸಬೇಕು. ತಡ ಮಾಡಿದ್ದಕ್ಕೆ ದಂಡ ಅದು. ಮತ್ತೆ ಗಡಿಯಾರ! ಎಲ್ಲಿ ಮುಟ್ಟಿದ್ರೂ ಗಡಿಯಾರ!

ಇನ್ನೊಬ್ಬರು: “ವಾಯ್ಸ್ ಚಾಟ್ ಇದ್ರೆ ಬೋರ್ ಆಗಲ್ಲ.” ವಾಯ್ಸ್ ಚಾಟ್‌ನಲ್ಲಿ ನೀವು ಐಪಿಎಲ್ ಮಾತಾಡ್ತಾ ಇರಿ, ಕಾಲಡಿ ಐಸು ಬಿರುಕು ಬಿಟ್ಟಿದ್ದು ಕೇಳಿಸಲ್ಲ. ಈ ಗೇಮಲ್ಲಿ ಕಂಪಾಸ್ ಇಲ್ಲ, ಮೂಲೆಯಲ್ಲಿ ಮ್ಯಾಪ್ ಇಲ್ಲ. ಆರಿದ ಬೆಂಕಿಯ ಇದ್ದಿಲಿಂದ ನೀವೇ ನಕ್ಷೆ ಬರೀಬೇಕು, ಅದಕ್ಕೂ ಹೊತ್ತು ಖರ್ಚು. ಮೇಲೆ ಕಾಗೆಗಳು ಸುತ್ತುತಿದ್ರೆ ಕೆಳಗೆ ಹೆಣ ಇದೆ ಅಂತ ಅರ್ಥ. ಅಲ್ಲೇ ರೆಕ್ಕೆಗರಿ ಸಿಗುತ್ತೆ, ಒಂದು ಬಾಣಕ್ಕೆ ಮೂರು ಬೇಕು. ಒಂದು ಬರ್ಚ್ ಸಸಿ ಒಣಗಿಸಿದ್ರೆ ಮೂರು ಬಾಣದ ಕಡ್ಡಿ. ಬಿಲ್ಲಿಗೆ ಒಂದು ಒಣಗಿದ ಮೇಪಲ್ ಸಸಿ, ಎರಡು ಒಣಗಿದ ಕರುಳು. ಒಣಗೋಕೆ ದಿನಗಟ್ಟಲೆ. ಆ ದಿನಗಳನ್ನ ಓಡಿಸೋ ಹಕ್ಕು ನನ್ನದಾ, ವಾಯ್ಸ್ ಚಾಟ್‌ನಲ್ಲಿರೋ ನಿಮ್ಮ ಭಾವಮೈದುನಂದಾ?

ಹಂಗಂತ ಮನೆಯೊಳಗೇ ಮಲಗಿ ದಿನ ದೂಡೋಕೂ ಬಿಡಲ್ಲ. ಕಷ್ಟದ ಮೋಡುಗಳಲ್ಲಿ ಜಾಸ್ತಿ ಒಳಗಿದ್ರೆ ‘ಕ್ಯಾಬಿನ್ ಫೀವರ್’ ಅಂತ ಹತ್ಕೊಳ್ಳುತ್ತೆ, ಒಳಗೆ ನಿದ್ದೆಯೇ ಬರಲ್ಲ, 24 ಗಂಟೆ ಹೊರಗೆ ಕಳೀಬೇಕು. ಬೆಂಗಳೂರಲ್ಲಿ ವರ್ಕ್ ಫ್ರಮ್ ಹೋಮ್ ಮಾಡೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬರುತ್ತೆ ನೋಡಿ ದೊಡ್ಡ ಬಾಂಬು: “ಬ್ರೋ, ಅದೇ ಕಂಪನಿಯೋರೇ ಕೋ-ಆಪ್ ಮಾಡ್ತಾ ಇದ್ದಾರಲ್ಲ!” ಗೊತ್ತು ಕಣಪ್ಪಾ. ‘ಬ್ಲ್ಯಾಕ್‌ಫ್ರಾಸ್ಟ್’, ಎರಡನೇ ಭಾಗ, 2024ರ ಡಿಸೆಂಬರಲ್ಲಿ ಘೋಷಣೆ ಆಯ್ತು, ಅದರಲ್ಲಿ ಕೋ-ಆಪ್ ಇದೆ. ಸರಿ. ಹಳೇ ಗೇಮಿಗೆ ಸೇರಿಸಿದ್ರಾ? ಬೇರೆ ಗೇಮ್ ಮಾಡಬೇಕಾಯ್ತು ತಾನೆ? ಕ್ಲೈ ಕೂಡ ಬೇರೆ ಗೇಮೇ ಮಾಡಿದ್ದು ತಾನೆ? ಅಲ್ಲಿಗೆ ನಾನು ಗೆದ್ದೆ. ಅದರಲ್ಲೂ ಒಬ್ಬರೇ ಆಡೋಕೆ ಅವಕಾಶ ಇಟ್ಟಿದ್ದಾರೆ. ಅಲ್ಲಿಗೆ ಎರಡು ಸಲ ಗೆದ್ದೆ. ಚೆನ್ನಾಗಿದ್ರೆ ಏನ್ ಮಾಡ್ತೀಯಾ ಅಂತ ಕೇಳ್ತೀರಾ? ಚೆನ್ನಾಗಿದ್ರೆ ಆಡ್ತೀನಿ, ಒಬ್ಬನೇ ಆಡ್ತೀನಿ, ನಿಮ್ಮನ್ನ ಕರೆಯಲ್ಲ.

ನಾಲ್ಕು ಜನ ಬೇಕೇ ಬೇಕು ಅನ್ನೋರು ಸ್ಕ್ವಾಡ್ ಕಟ್ಕೊಂಡು ಬಿಜಿಎಂಐಗೆ ಹೋಗಿ, ಯಾರು ಬೇಡ ಅಂದ್ರು? ಎಲ್ಲ ಗೇಮೂ ಎಲ್ರಿಗೂ ಬೇಕು ಅಂತ ಎಲ್ಲಿ ಬರೆದಿದೆ? ನಿಮ್ಮ ಗೇಮಿಗೆ ಬಂದು ನಾನು “ಇದರಲ್ಲಿ ಹಿಮ ಕರಗಿಸೋದು ಇಲ್ವಾ ಬ್ರೋ” ಅಂತ ಕೇಳ್ತೀನಾ? ಕೇಳಲ್ಲ ತಾನೆ? ಮತ್ತೆ? ಗಡಿಯಾರ ನನ್ನದು ಅಂದ್ರೆ ನನ್ನದು, ಅಷ್ಟೇ, ಇದಕ್ಕಿಂತ ಕಾರಣ ಏನು ಕೊಡಲಿ?

ಆಯ್ತು, ಬಿಪಿ ಏರ್ತಾ ಇದೆ. ಮುಂದಿನ ವಿಡಿಯೋ ಇದೇ ಗೇಮಿನ ಬಹಳ ಕಷ್ಟದ ಇಂಟರ್‌ಲೋಪರ್ ಮೋಡ್ ಬಗ್ಗೆ. ಅಲ್ಲಿ ಬಂದೂಕು ಸಿಗಲ್ಲ, ಚಾಕು ಕೊಡಲಿ ಸಿಗಲ್ಲ, ಕುಲುಮೆಯಲ್ಲಿ ನೀವೇ ತಟ್ಟಬೇಕು. ದೊಡ್ಡ ಸುತ್ತಿಗೆ, ಗುಜರಿ ಕಬ್ಬಿಣ, ಕುಲುಮೆ 150 ಡಿಗ್ರಿಗೆ ಏರೋವಷ್ಟು ಕಲ್ಲಿದ್ದಲು, ಇಷ್ಟು ಹೊತ್ಕೊಂಡು ಹೋಗಬೇಕು. ಬಹಳ ಜನ ಸುತ್ತಿಗೆ ಹೊತ್ಕೊಂಡು ಫೋರ್ಲಾರ್ನ್ ಮಸ್ಕೆಗ್ ಅನ್ನೋ ಜೌಗು ಪ್ರದೇಶದಲ್ಲಿ ಕುಲುಮೆ ಇರೋ ಸ್ಪೆನ್ಸ್ ಮನೆವರೆಗೂ ನಡೀತಾರೆ, ಕಲ್ಲಿದ್ದಲೇ ತಂದಿರಲ್ಲ. ಯಾವ ದಾರಿ, ಎಷ್ಟು ತೂಕ, ಎಲ್ಲಿ ಮಲಗಬೇಕು, ಪೂರ್ತಿ ಅದರಲ್ಲಿ ಹೇಳ್ತೀನಿ. ಬೆಲ್ ಒತ್ತಿ. ಕೋ-ಆಪ್ ಅಂತ ಕಾಮೆಂಟ್ ಹಾಕಿದೋರಿಗೆ ಶೀಟ್ ಕಳಿಸಲ್ಲ.